ಪೆದ್ರೊ ಬೇಡ ಅಂದದ್ದು

ಮೊನ್ನೆ ಪೇಟೆಗೆ ಹೋಗಿದ್ದಾಗ ಬಿಸಿ ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಡಿದು, ಹಿಂದೆ ನಮ್ಮೂರು ಕಡೂರಿಗೆ ಬಂದಿದ್ದ ಪೆದ್ರೊ ನೆನಪಾದ. ನನ್ನ ನೆನಪನ್ನು ನೀವು ಪೂರಾ ನಂಬಬೇಡಿ; ನಾನೇ ನಂಬುವುದಿಲ್ಲ.

ಆಗ ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಊರಲ್ಲಿ ಕೂತು ಎಲ್ಲರ ಮಾತನ್ನೂ ತಿದ್ದುತ್ತಿದ್ದೆ. ಕೊಬ್ಬರಿ ವ್ಯಾಪಾರಿಗಳಾದ ನಮ್ಮ ದೊಡ್ಡಪ್ಪ ಎತ್ತಿನ ಗಾಣ ಮಾರಿ ಎಣ್ಣೆ ಯಂತ್ರ ತರಿಸಿದ್ದರು. ಅದನ್ನು ಜೋಡಿಸಲು ಮದರಾಸಿನ ಇಂಗ್ಲಿಷ್ ಕಂಪನಿ ಕಳಿಸಿದ ಫಿಟ್ಟರ್ ಮಾತ್ರ ಸ್ಪೇನ್ ದೇಶದವನು, ಈ ಪೆದ್ರೊ. ಅವನ ಇಂಗ್ಲಿಷು ಬೋಲ್ಟು ನಟ್ಟುಗಳಿಗೆ ಸಾಕಾಗುತ್ತಿತ್ತು, ಉಪಚಾರಕ್ಕೆ ಸಾಲುತ್ತಿರಲಿಲ್ಲ. ಬಂದ ದಿನ ಸಂಜೆ ಜಗಲಿಯ ಮೇಲೆ ನಾನು ಒಂದೊಂದು ಮಾತು ಹೇಳಿ ಅಭಿನಯಿಸುವುದು, ಅವನು ತನ್ನ ಭಾಷೆಯಲ್ಲಿ ಬರೆದುಕೊಳ್ಳುವುದು. ‘ಥ್ಯಾಂಕ್ ಯೂ’ಗೆ ಗ್ರಾಸಿಯಾಸ್, ‘ಆಫ್ ಕೋರ್ಸ್’ಗೆ ಕ್ಲಾರೊ, ‘ವಿತ್ ಪ್ಲೆಷರ್’ಗೆ ಕೋನ್ ಗುಸ್ತೊ. ‘ನೋ, ಥ್ಯಾಂಕ್ ಯೂ’ ಬಂದಾಗ ಪೆದ್ರೊ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಏನೋ ವಿವರಿಸಲು ಹೊರಟ. ಬೇಡ ಅಂದರೆ ಬೇಡ, ಅದರಲ್ಲಿ ವಿವರಿಸುವುದೇನು ಎಂದು ನಾನು ಮುಂದಿನ ಮಾತಿಗೆ ಹೋದೆ.

ಊಟಕ್ಕೆ ದೊಡ್ಡಮ್ಮ ಕರೆದರು. ಪೆದ್ರೊ ನಕ್ಕು, “ನೋ, ಗ್ರಾಸಿಯಾಸ್” ಅಂದ. ನಮ್ಮ ಕಡೆ ಮೊದಲ ಕರೆಗೇ ಏಳುವವನು ಊಟ ಕಾಣದವನು. ಎರಡು ಸಲ ಬೇಡವೆಂದು ಮೂರನೆಯದಕ್ಕೆ ಏಳಬೇಕು. ದೊಡ್ಡಮ್ಮ ಇನ್ನೊಮ್ಮೆ ಕರೆಯಲು ಹೊರಟಾಗ ನಾನೇ ತಡೆದೆ.

“ಅವರ ಸೀಮೇಲಿ ಬಲವಂತ ಮಾಡಿದ್ರೆ ಅವಮಾನ, ದೊಡ್ಡಮ್ಮ.”

ಅದು ಇಂಗ್ಲಿಷ್ ಪುಸ್ತಕ ಓದಿ ಬಂದ ಜ್ಞಾನ. ಸ್ಪೇನಿನ ಬಗ್ಗೆ ನನಗೆ ಗೊತ್ತಿದ್ದದ್ದು ಸೊನ್ನೆ.

ಹೀಗೇ ಎರಡು ದಿನ ಕಳೆಯಿತು; ಮೂರೂ ಇರಬಹುದು. ಬಾಳೆಹಣ್ಣು, ಪುರಿ ತಿಂದುಕೊಂಡು ದುಡಿದ ಪೆದ್ರೊ ಒಂದು ಬೆಳಿಗ್ಗೆ ಸ್ಪ್ಯಾನರುಗಳನ್ನು ಪೆಟ್ಟಿಗೆಗೆ ತುಂಬಿ, ಸ್ಟೇಷನ್ನಿಗೆ ಗಾಡಿ ಬೇಕೆಂದ. ಯಂತ್ರ ಅರ್ಧ ಜೋಡಣೆಯಾಗಿ ನಿಂತಿತ್ತು. ಗಾಣವೂ ಇಲ್ಲ, ಯಂತ್ರವೂ ಇಲ್ಲ.

“ಏನೋ ಬಿ.ಎ., ಯಾಕಂತೆ ಕೇಳೋ,” ಅಂದರು ದೊಡ್ಡಪ್ಪ.

ಕೇಳಿದೆ. ಹರಕು ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ಹೇಳಿದ: ತನ್ನೂರಲ್ಲಿ ಮೊದಲು ಬೇಡ ಅನ್ನುವುದು ಮರ್ಯಾದೆ. ಇಲ್ಲಿ ಒಂದು ಸಲ ಕೇಳಿ ಒಳಗೆ ಹೋಗಿಬಿಡುತ್ತಾರೆ. ತಾನಿರುವುದು ಇಲ್ಲಿ ಯಾರಿಗೂ ಬೇಕಿಲ್ಲ ಅಂದ. ಅಷ್ಟನ್ನೂ ಕನ್ನಡಕ್ಕೆ ತಿರುಗಿಸಿ ಹೇಳುವಾಗ ನನ್ನ ಧ್ವನಿ ಬಹಳ ಇಳಿದಿತ್ತು.

“ಇವ್ನೂ ನಮ್ಮಂಗೇ ಕಣೋ,” ಅಂದರು ದೊಡ್ಡಮ್ಮ. “ನಡುವೆ ನೀನೊಬ್ಬ ಇಲ್ದಿದ್ರೆ ಮೊದಲ್ನೇ ದಿನಾನೇ ಉಂಡಿರೋನು.”

ಜಗಲಿಯಲ್ಲೇ ಎಲೆ ಹಾಕಿ, ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದರು.

“ಒಂದ್ ರೊಟ್ಟಿ ತಿನ್ನಪ್ಪಾ.” ತಲೆ ಅಲ್ಲಾಡಿಸಿದ. “ಅರ್ಧ?” ಮತ್ತೆ ಅಲ್ಲಾಡಿಸಿದ. “ನನ್ನಾಣೆ ಕಣಪ್ಪಾ.”

ಪೆದ್ರೊ ಎದ್ದು ಕೈ ತೊಳೆದ. ಆರು ರೊಟ್ಟಿ ತಿಂದನೆಂದು ದೊಡ್ಡಪ್ಪ, ಎಂಟೆಂದು ದೊಡ್ಡಮ್ಮ. ನಾನು ಎಣಿಸುವ ಸ್ಥಿತಿಯಲ್ಲಿರಲಿಲ್ಲ. ವಾರದೊಳಗೆ ಯಂತ್ರ ತಿರುಗಿತು.

ಮೊನ್ನೆ ಇದನ್ನೇ ಮೆಲುಕು ಹಾಕುತ್ತಾ ಮನೆಗೆ ಬಂದರೆ, ಪಕ್ಕದ ಮನೆಯ ಮೇಷ್ಟ್ರು ಪತ್ರಿಕೆ ಹಿಂದಿರುಗಿಸಲು ಬಂದಿದ್ದರು. ಕಾಫಿ ಕುಡೀತೀರಾ ಅಂದೆ. “ಬೇಡ ಕಣ್ರೀ, ಈಗ್ತಾನೆ ಆಯ್ತು,” ಅಂದರು. ಎಂದಿನಂತೆ ಸರಿ ಅನ್ನಬೇಕೆಂದಿದ್ದವನು ಕೆಳಗೆ ನೋಡಿದೆ. ಅವರ ಚಪ್ಪಲಿಗಳು ಆಗಲೇ ಕಾಲು ಬಿಟ್ಟು ಗೋಡೆಯ ಪಕ್ಕ ಜೋಡಿಯಾಗಿ ಕೂತಿದ್ದವು. ಎರಡು ಲೋಟ ಕಾಫಿ ಎಂದು ಒಳಗೆ ಕೂಗಿದೆ.