ಎಸೆದ ಸಣ್ಣ ಸಂಖ್ಯೆಗಳು

ತೊಂಬತ್ತರ ದಶಕ ಮುಗಿದ ಹೊಸತು. ಮೂಡಬಿದಿರೆಯ ಕಾಲೇಜಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ನನಗೆ ಜೊತೆಯಾದವನು ಬಂಟ್ವಾಳದಿಂದ ದಿನಾ ನನ್ನೊಟ್ಟಿಗೆ ಬಸ್ಸಿನಲ್ಲಿ ಬರುತ್ತಿದ್ದ ಗೆಳೆಯ. ಲ್ಯಾಬಿನ ಕಂಪ್ಯೂಟರುಗಳನ್ನೆಲ್ಲ ಕೇಬಲ್ಲಿನಿಂದ ಜೋಡಿಸಿ, ನಾವು ಕಣ್ಣಲ್ಲೂ ಕಾಣದ ಕ್ವಾಂಟಮ್ ಕಂಪ್ಯೂಟರಿನ ಲೆಕ್ಕವನ್ನು ಅವುಗಳಿಂದ ಮಾಡಿಸಬೇಕೆಂಬುದು ನಮ್ಮ ಹಟ. ಅದರ ಮಾಹಿತಿಯ ಮೂಲ ಘಟಕವಾದ ಕ್ಯೂಬಿಟ್ ಒಂದು ಸೇರಿಸಿದರೂ ಬೇಕಾಗುವ ಮೆಮೊರಿ ಡಬಲ್ ಆಗುತ್ತದೆ. ಕೊನೆಯ ಕ್ಯೂಬಿಟ್ಟಿಗೆ ಜಾಗ ಸಾಲಲಿಲ್ಲ.

"ಒಂದು ಕಡಿಮೆ ಮಾಡುವ" ಎಂದೆ.

"ನಾನು ನೋಡ್ತೇನೆ ಮಾರಾಯ" ಎಂದ ಅವನು. ಮರುದಿನ ಪ್ರೋಗ್ರಾಂ ಓಡಿತು. ನಾನು ನಂಬಿದೆ.

ಪ್ರಾಜೆಕ್ಟಿನ ಪರೀಕ್ಷೆಯ ದಿನ ಪರೀಕ್ಷಕರು ನಮ್ಮ ಉತ್ತರದ ಸಂಭವನೀಯತೆಗಳನ್ನೆಲ್ಲ ಕೂಡಿಸಲು ಹೇಳಿದರು. ಮೊತ್ತ ಒಂದು ಬರಬೇಕು, ಬರಲಿಲ್ಲ. ಜಾಗ ಉಳಿಸಲು ಅವನು ಲೆಕ್ಕದಲ್ಲಿ ಬರುವ ಸಣ್ಣ ಸಂಖ್ಯೆಗಳನ್ನೆಲ್ಲ ಎಸೆದುಬಿಟ್ಟಿದ್ದ, ನನಗೊಂದು ಮಾತು ಹೇಳದೆ.

"ಇದು ಯಾರ ಕೆಲಸ?" ಎಂದು ಪರೀಕ್ಷಕರು ಕೇಳಿದರು.

ಅವನು ನನ್ನ ಕಡೆ ಕೈ ತೋರಿಸಿದ. "ಆ ಭಾಗ ಇವನದ್ದು ಸರ್." ಆ ನಯವಾದ ದನಿ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಸಂಜೆ ಬಸ್ಸಿನಲ್ಲಿ ಅವನು ಎಂದಿನಂತೆ ಬ್ಯಾಗು ಇಟ್ಟು ನನಗೊಂದು ಸೀಟು ಹಿಡಿದಿದ್ದ, ಕಿಟಕಿಯ ಬದಿಯದ್ದು. ನಾನು ಬಂಟ್ವಾಳದವರೆಗೆ ನಿಂತೇ ಬಂದೆ. ಅವನು ಬ್ಯಾಗು ತೆಗೆಯಲೇ ಇಲ್ಲ.