ಗೌರವ್ವ ಮುಚ್ಚಿಟ್ಟ ಪಾದ

ಕೊರೊನಾ ಕಳೆದ ಮರುವರ್ಷ ನಾನು ಗೋಕಾಕದಲ್ಲಿ ಆಯುರ್ವೇದ ವೈದ್ಯೆಯಾಗಿದ್ದೆ. ಆ ಮಳೆಗಾಲದಲ್ಲಿ ಗಜಕರ್ಣದ ರೋಗಿಗಳೇ ಹೆಚ್ಚು. ಅಂಗಡಿಯಲ್ಲಿ ಕೇಳಿ ಕೊಂಡ ಮುಲಾಮು ಹಚ್ಚಿ ರೋಗ ಕೆಡಿಸಿಕೊಂಡು ಬಂದವರನ್ನು ಬೈದೂ ಬೈದೂ ನನ್ನ ಗಂಟಲು ಒಣಗುತ್ತಿತ್ತು.

ಮೂಡಲಗಿ ಕಡೆಯ ಗೌರವ್ವ ಅಂಥವರಲ್ಲ. ಸೊಸೆ ಸುವರ್ಣಾಳ ಜೊತೆ ಬಂದ ಆ ವೃದ್ಧೆ ಎಡ ಅಂಗೈ ತೋರಿಸಿದರು. ಚರ್ಮ ಒಣಗಿ ಹೊಟ್ಟು ಎದ್ದಿತ್ತು. ತಗಚಿ ಬೀಜವನ್ನು ಹುಳಿಮಜ್ಜಿಗೆಯಲ್ಲಿ ಅರೆದು ಹಚ್ಚುತ್ತಿದ್ದರು. ಈ ಗಿಡವನ್ನೇ ನಮ್ಮ ಶಾಸ್ತ್ರ ಚಕ್ರಮರ್ದ ಎನ್ನುತ್ತದೆ. ಫಂಗಸ್ ತಡೆಯುವ ಗುಣ ಅದಕ್ಕಿದೆ. ನಾನೂ ಅದನ್ನೇ ಕೊಡುತ್ತಿದ್ದೆ. ಆದರೆ ಇವರಿಗೆ ಕಡಿಮೆಯಾದಂತಾಗಿ ರೋಗ ಮತ್ತೆ ಮರಳುತ್ತಿತ್ತು.

"ತುರಿಕಿ ಚಿಂತಿ ಇಲ್ರಿ ಬಾಯಾರ, ಲಿಂಗಪ್ಪನ್ನ ಈ ಕೈಯಾಗ ಹೆಂಗ ಇಟಗೊಳ್ಳಲಿ? ಬಟ್ಟಲದಾಗ ಇಟ್ಟು ಪೂಜಿ ಮಾಡಾಕತ್ತೇನಿ," ಎಂದರು. ಕೊರಳ ಕರಡಿಗೆಯಲ್ಲಿನ ಇಷ್ಟಲಿಂಗವನ್ನು ದಿನವೂ ಎಡ ಅಂಗೈಯಲ್ಲಿಟ್ಟು ಪೂಜಿಸುವ ಲಿಂಗಾಯತರು ಅವರು.

"ಪೂಜಿ ಆದಂಗ ಅನಸೂದಿಲ್ಲಂತ ಹೊಟ್ಟಿ ತುಂಬ ಉಣ್ಣೂದ ಬಿಟ್ಟಾರ್ರಿ," ಎನ್ನುವಾಗ ಸುವರ್ಣಾಳ ಕಣ್ಣು ತುಂಬಿತು. ಗೌರವ್ವ ನಿಜಕ್ಕೂ ಸೊರಗಿದ್ದರು. ನನಗೆ ಭಯವೇ ಆಯಿತು.

ಒಂದೇ ಅಂಗೈಗೆ ಫಂಗಸ್ ಬಂದರೆ ಪಾದಗಳನ್ನೂ ನೋಡಬೇಕು. ಕಾಲು ತೋರಿಸಿ ಎಂದೊಡನೆ ಅವರು ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು.

"ಡಾಕ್ಟರ ಮುಂದ ಕಾಲ ಚಾಚತಾರೇನ್ರಿ? ಬರೇ ಒಡಕ ಅದಾವು."

ಹಟದಲ್ಲಿ ನಾನೂ ಕಡಿಮೆಯವಳಲ್ಲ. ನೆಲದ ಮೇಲೆ ಕುಳಿತು, ಅವರ ಪಾದ ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡೆ. "ಶಿವಶಿವಾ" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಂಗಾಲಿನ ತುಂಬ ಅದೇ ಹೊಟ್ಟು. ಕೆರೆದು ತೆಗೆದ ಪುಡಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಫಂಗಸ್ ಕಂಡಿತು. ಕಬ್ಬಿನ ಹೊಲದ ಕೆಸರಿನಲ್ಲಿ ನೆನೆದ ಕಾಲು ತುರಿಸುತ್ತಿತ್ತು. ಬಲಗೈ ಊಟದ್ದೆಂದು ಅವರು ಎಡಗೈಯಿಂದಲೇ ಕೆರೆದುಕೊಳ್ಳುತ್ತಿದ್ದರು. ಹೀಗೆ ರೋಗ ಕಾಲಿನಿಂದ ಅಂಗೈಗೆ ಹತ್ತುತ್ತಿತ್ತು.

ಲೇಪ ಬದಲಿಸಲಿಲ್ಲ, ಕಾಲಿಗೂ ಹಚ್ಚಿ, ಬೆರಳ ಸಂದಿ ಒಣಗಿಸಿಕೊಳ್ಳಲು ಹೇಳಿದೆ. ಅತ್ತೆ ಎಷ್ಟು ಬೇಡವೆಂದರೂ ಕೇಳದೆ ಸುವರ್ಣಾ ತಾನೇ ಹಚ್ಚಿದಳಂತೆ.

ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ಸೊಸೆ ಮತ್ತೆ ಬಂದರು. ಅಂಗೈ, ಅಂಗಾಲು ಎರಡೂ ತಿಳಿಯಾಗಿದ್ದವು. ಆದರೂ ಗೌರವ್ವ ಲಿಂಗವನ್ನು ಇನ್ನೂ ಅಂಗೈಗೆ ತಂದಿರಲಿಲ್ಲ. ಅವರಿಗೆ ನನ್ನ ಒಪ್ಪಿಗೆ ಬೇಕಿತ್ತು.

"ಇನ್ನ ಇಟಗೋರಿ ಆಯಿ," ಎಂದೆ.

ಅಲ್ಲೇ ಬೆಂಚಿನ ಮೇಲೆ ಕರಡಿಗೆ ತೆರೆದು, ಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನೆಟ್ಟರು. ಹೊರಗೆ ಸಾಲು ಬೆಳೆಯುತ್ತಿತ್ತು. ಮುಂದಿನವರನ್ನು ಕರೆಯಲು ಮನಸ್ಸಾಗಲಿಲ್ಲ. ಮದ್ದು ಗೊತ್ತಿದ್ದರೆ ಸಾಲದು, ರೋಗಿ ಸಂಕೋಚದಿಂದ ಮುಚ್ಚಿಟ್ಟದ್ದನ್ನು ಕೇಳುವ ಪ್ರೀತಿಯೂ ಬೇಕು ಎಂದು ಈ ವೃತ್ತಿ ನನಗೆ ಕಲಿಸಿದ್ದು ಆ ಬೆಂಚಿನ ಬಳಿ.

ಪೂಜೆ ಮುಗಿಸಿ ಗೌರವ್ವ ಸೊಸೆಯತ್ತ ತಿರುಗಿದರು.

"ಹೊಟ್ಟಿ ಹಸದೈತಿ ಸುವರ್ಣಾ, ಬುತ್ತಿ ಬಿಚ್ಚವ್ವಾ."