ಒಂದೇ ಹಾಡು ಮೆಚ್ಚಿದ ಇಬ್ಬರು

ನನ್ನ ತಮ್ಮ ಕಮ್ಮಾರ. ಅವನ ಸಿಟ್ಟು ನೋಡಿ ಬೀದಿಯವರು ಇಟ್ಟ ಹೆಸರು ಸಿಡಿಮದ್ದು. ಅವನ ಕುಲುಮೆಯಲ್ಲಿ ದೊಡ್ಡ ಸುತ್ತಿಗೆ ಬೀಸುತ್ತಿದ್ದವರು ನನ್ನ ಯಜಮಾನರು. ಬೆಂಕಿಗೆ ಗಾಳಿಯೂದುವ ತಿದಿ ಒತ್ತುವುದು ನನ್ನ ಪಾಲು. ಕಾದ ಕಬ್ಬಿಣವನ್ನು ಅವನು ಎಡಗೈಯ ಇಕ್ಕಳದಲ್ಲಿ ಹಿಡಿದು, ಬಲಗೈಯ ಸಣ್ಣ ಸುತ್ತಿಗೆಯಿಂದ ಎಲ್ಲಿ ಮುಟ್ಟುತ್ತಾನೋ ಅಲ್ಲಿ ಇವರ ಏಟು ಬೀಳಬೇಕು. ಅವನು ಕಬ್ಬಿಣ ಬಿಟ್ಟು ಅದರಡಿಯ ಬರಿಯ ಅಡೆಗಲ್ಲಿನ ಮೇಲೆ ಟಣ್ ಎನ್ನಿಸಿದರೆ ‘ನಿಲ್ಲಿಸು’ ಎಂದು ಅರ್ಥ. ಕೆಲಸಕ್ಕೆ ಬಾಯಿಮಾತು ಬೇಕಿರಲಿಲ್ಲ.

ಬಾಯಿಮಾತೆಲ್ಲ ರೇಡಿಯೋಗೆ ಮೀಸಲು. ತಮ್ಮನಿಗೆ ಡ್ರಮ್ಮು ಬಡಿಯುವ, ಮೈ ಕುಣಿಸುವ ಹಾಡು ಬೇಕು. ಇವರಿಗೆ ಒಬ್ಬಳೇ ಹೆಂಗಸು ಎಳೆದೆಳೆದು ಹಾಡುವ ವಿರಹದ ಹಾಡು.

“ಯಾರ ಮನೇಲಿ ಸತ್ರು ಭಾವ, ಇವಳು ಹಿಂಗೆ ಅಳ್ತಿದಾಳೆ?”

“ನಿಂದು ಹಾಡೇನೋ? ಪಾತ್ರೆ ಅಂಗಡಿ ಕುಸಿದು ಬಿದ್ದಂಗಿದೆ.”

ಕೊರಳಪಟ್ಟಿ ಹಿಡಿಯುವುದು ಅಲ್ಲಿಂದ ಶುರು. ಒಮ್ಮೆ ಇವರ ಮುಂದಿನ ಹಲ್ಲು ಹೋಯಿತು, ಇನ್ನೊಮ್ಮೆ ತಮ್ಮನ ಹುಬ್ಬು ಸೀಳಿತು, ರೇಡಿಯೋ ಚರಂಡಿ ಕಂಡು ಬಂತು. ಆದರೂ ರಕ್ತ ಒರೆಸಿಕೊಂಡು ಕೆಲಸಕ್ಕೆ ನಿಂತರೆ ಒಂದು ಏಟೂ ತಪ್ಪುತ್ತಿರಲಿಲ್ಲ. ಇಬ್ಬರ ಹಾಡೂ ಒಂದಾಗಿದ್ದರೆ ಈ ಬಡಿದಾಟವೇ ಇರುತ್ತಿರಲಿಲ್ಲ ಎಂದು ಬೀದಿಯವರೂ ಹೇಳುತ್ತಿದ್ದರು, ನಾನೂ ನಂಬಿದ್ದೆ.

ಒಂದಾಯಿತು. ಒಂದು ಮಧ್ಯಾಹ್ನ ರೇಡಿಯೋದಲ್ಲಿ ಹೊಸ ಹಾಡು ಬಂತು. ಶುರುವಿಗೆ ಹೆಂಗಸಿನ ಒಂಟಿ ದನಿ, ನಡುವೆ ನುಗ್ಗಿ ಬರುವ ಡ್ರಮ್ಮು. ಇಬ್ಬರೂ ಸುತ್ತಿಗೆ ಕೆಳಗಿಟ್ಟು ಬಾಯಿ ಕಳೆದು ಕೇಳಿದರು. ಅಂದಿನಿಂದ ಅದು ಬಂದಾಗಲೆಲ್ಲ ತಮ್ಮ ಅಡೆಗಲ್ಲಿನ ಮೇಲೆ ಸಣ್ಣ ಸುತ್ತಿಗೆಯಲ್ಲಿ ತಾಳ ಹಾಕುವನು, ಇವರು ತಲೆದೂಗುವರು. “ಭಾವಂಗೂ ಕಿವಿ ಇದೆ ಕಣಕ್ಕಾ” ಎಂದ. ಊಟಕ್ಕೆ ಒಂದೇ ಬೆಂಚಿನಲ್ಲಿ ಕೂತರು. ನನ್ನ ಎದೆಯ ಭಾರ ಇಳಿಯಿತು.

ಹಾರೆಯ ತುದಿ ಬಡಿಯುತ್ತಿದ್ದ ಒಂದು ಬೆಳಿಗ್ಗೆ ಅದೇ ಹಾಡು ಬಂತು. ಇಕ್ಕಳ ಜಾರಿತು. ತಮ್ಮ ಅಡೆಗಲ್ಲಿನ ಮೇಲೆ ಟಣ್ ಎನ್ನಿಸಿ, ಹಿಡಿತ ಸರಿಮಾಡಲು ಎಡಗೈ ಮುಂದಕ್ಕೆ ತಂದ. ಇವರು ಅದನ್ನು ತಾಳವೆಂದುಕೊಂಡರು. ಸುತ್ತಿಗೆ ಇಳಿಯಿತು.

ಎರಡು ಬೆರಳು ಜಜ್ಜಿ ಅಡೆಗಲ್ಲಿಗೆ ಅಂಟಿದವು. ತಮ್ಮ ಬಲಗೈಯ ಸುತ್ತಿಗೆಯನ್ನು ತಿರುಗಿಸಿ ಇವರ ಕೊರಳ ಬುಡಕ್ಕೆ ಇಳಿಸಿದ. ಎಲುಬು ಲಟಕ್ಕೆಂದದ್ದು ಹಾಡಿನ ನಡುವೆಯೂ ಕೇಳಿಸಿತು. ಬಿದ್ದವರನ್ನು ಒದ್ದ. ಅಡ್ಡ ಬಿದ್ದ ನನಗೂ ಒಂದು ಒದೆ ಸಿಕ್ಕಿತು.

“ಭಾವ, ನಿನ್ನ ಕೈನೂ ಇದೇ ಕಲ್ಲಿನ ಮೇಲೆ ಜಜ್ಜದೆ ಬಿಡಲ್ಲ!”

ಆಸ್ಪತ್ರೆಯಲ್ಲಿ ಅವನ ಬೆರಳು ಕತ್ತರಿಸಿದರು. ಇವರ ಎಲುಬು ಸೊಟ್ಟಗೆ ಕೂಡಿತು. ಅವನ ಎಡಗೈಯಲ್ಲಿ ಇಕ್ಕಳ ನಿಲ್ಲದು, ಇವರ ತೋಳು ಹೆಗಲಿನ ಮೇಲಕ್ಕೆ ಏಳದು. ಕುಲುಮೆಗೆ ಬೀಗ ಬಿತ್ತು. ತಮ್ಮನಿಗೆ ಕಬ್ಬಿಣ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ. ಹೊಸಬರನ್ನು ಕರೆತಂದರೆ ಅವನ ಬೈಗುಳಕ್ಕೇ ಓಡಿಹೋದರು.

ಕೊನೆಗೆ ಇವರೇ ಬೀಗ ತೆಗೆದು ಅವನನ್ನು ಎಬ್ಬಿಸಿ ತಂದರು.

“ಇಕ್ಕಳ, ಸಣ್ಣ ಸುತ್ತಿಗೆ ನಾನು ಹಿಡೀತೀನಿ. ದೊಡ್ಡದು ನೀನು ಬೀಸು.”

“ನಾನು ಹೇಳಿದ್ದು ನೆನಪಿದೆಯಾ ಭಾವ?”

“ಇದೆ. ಕೈ ಇಲ್ಲೇ ಇರುತ್ತೆ.”

ತಮ್ಮ ತನ್ನ ಮೊಂಡು ಕೈಯನ್ನು ಸುತ್ತಿಗೆಯ ಹಿಡಿಗೆ ಬಟ್ಟೆಯಿಂದ ಬಿಗಿದುಕೊಂಡ. “ಅಕ್ಕಾ, ನೀನು ಹೊರಗೆ ಹೋಗು.”

“ಹೋಗಲ್ಲ. ಜಜ್ಜೋದಿದ್ರೆ ನನ್ನ ಕಣ್ಣೆದುರಿಗೇ ಜಜ್ಜು” ಎಂದು ತಿದಿ ಒತ್ತಿದೆ.

ಇವರು ರೇಡಿಯೋ ಹಚ್ಚಿದರು. ಡ್ರಮ್ಮು ಬಂತು.

“ಅದು ಬೇಡ” ಎಂದು ತಮ್ಮ ಸಿಡುಕಿದ. “ನಿನ್ನ ಅಳುಬುರುಕಿ ಎಲ್ಲಿದಾಳೆ ಹುಡುಕು. ಅವಳಾದ್ರೆ ನನ್ನ ಕಿವಿ ಆ ಕಡೆ ಹೋಗಲ್ಲ.”

ಇವರು ತಿರುಪಿದರು. ಹೆಂಗಸು ಅಳತೊಡಗಿದಳು. ಏಟು ಬಿತ್ತು, ಕಿಡಿ ಹಾರಿತು, ಮತ್ತೆ ಬಿತ್ತು. ಸುತ್ತಿಗೆ ಮತ್ತೆ ಮೇಲೇರಿದ್ದಾಗ ಇವರು ಟಣ್ ಎನ್ನಿಸಿ ಎಡಗೈ ಮುಂದಕ್ಕೆ ಚಾಚಿದರು.

ಸುತ್ತಿಗೆ ತಲೆಯ ಮೇಲೆಯೇ ನಿಂತಿತು. ಇವರು ಹಿಡಿತ ಸರಿಮಾಡಿಕೊಂಡರು, ಬೇಕಾದದ್ದಕ್ಕಿಂತ ನಿಧಾನವಾಗಿ.

“ಕೈ ಬೇಗ ತೆಗಿ ಭಾವ, ಭಾರ” ಎಂದ ತಮ್ಮ.